ನೆಗಡಿ ತರುವುದು ಮಳೆಯಲ್ಲ, ಮನುಷ್ಯರು

ತಲೆ ನೆನೆದರೆ ನೆಗಡಿ, ರಾತ್ರಿ ಮೊಸರನ್ನ ಉಂಡರೆ ಕೆಮ್ಮು, ಸೀಬೆಹಣ್ಣು ತಿಂದರೆ ಕಫ ಎಂದು ನಮ್ಮ ಮನೆಗಳಲ್ಲಿ ಮಕ್ಕಳನ್ನು ದಿನವೂ ಎಚ್ಚರಿಸುತ್ತೇವೆ. ಕಾಳಜಿಯೇನೋ ದೊಡ್ಡದು, ಆದರೆ ಅದು ಇರಬೇಕಾದ ಕಡೆ ಇಲ್ಲ. ನೆಗಡಿಗೂ, ಮೈಕೈಯನ್ನೆಲ್ಲ ಹಿಂಡಿಹಾಕುವ ಫ್ಲೂ ಜ್ವರಕ್ಕೂ ಕಾರಣ ವೈರಸ್. ಸೋಂಕಿರುವವರು ಕೆಮ್ಮಿದಾಗ, ಸೀನಿದಾಗ, ಮಾತಾಡಿದಾಗ ಹೊರಬೀಳುವ ಹನಿಗಳ ಮೂಲಕ, ಮೂಗು ಒರೆಸಿಕೊಂಡ ಕೈಗಳ ಮೂಲಕ ಅದು ಇನ್ನೊಬ್ಬರನ್ನು ಸೇರುತ್ತದೆ. ವೈರಸ್ಸೇ ಇಲ್ಲದ ಕಡೆ ಎಷ್ಟು ಚಳಿಯಿದ್ದರೂ ನೆಗಡಿಯಾಗದು.

ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. 1946ರಲ್ಲಿ ಇಂಗ್ಲೆಂಡಿನ ಸಾಲ್ಸ್‌ಬರಿ ಬಳಿ ನೆಗಡಿಯ ಅಧ್ಯಯನಕ್ಕೆಂದೇ ಒಂದು ಕೇಂದ್ರ ಶುರುವಾಯಿತು. ಅದರ ಹಿಂದಿದ್ದ ಕ್ರಿಸ್ಟೋಫರ್ ಆಂಡ್ರ್ಯೂಸ್, 1933ರಲ್ಲಿ ಮನುಷ್ಯರ ಫ್ಲೂ ವೈರಸ್ಸನ್ನು ಪತ್ತೆ ಮಾಡಿದ ಮೂವರಲ್ಲಿ ಒಬ್ಬರು. ಅಲ್ಲಿ ಸ್ವಯಂಸೇವಕರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿನವರ ಮೂಗಿಗೆ ವೈರಸ್ ಬಿಟ್ಟರು. ಇನ್ನೊಂದು ಗುಂಪಿನವರಿಗೆ ಸ್ನಾನ ಮಾಡಿಸಿ, ಮೈ ಒರೆಸಿಕೊಳ್ಳಲು ಬಿಡದೆ ಗಾಳಿ ಬೀಸುವ ಓಣಿಯಲ್ಲಿ ನಿಲ್ಲಿಸಿದರು, ಆಮೇಲೆ ಒದ್ದೆ ಕಾಲುಚೀಲ ಹಾಕಿಸಿ ಗಂಟೆಗಟ್ಟಲೆ ಇರಿಸಿದರು. ಮೂರನೆಯ ಗುಂಪಿಗೆ ಎರಡೂ ಆಯಿತು. ಬರೀ ಚಳಿಯಲ್ಲಿ ನಡುಗಿದ ಗುಂಪಿನಲ್ಲಿ ಯಾರಿಗೂ ನೆಗಡಿಯಾಗಲಿಲ್ಲ. ಉತ್ತರ ಧ್ರುವದ ಹತ್ತಿರದ ಸ್ಪಿಟ್ಸ್‌ಬರ್ಗನ್ ದ್ವೀಪದ ಗಣಿ ಊರಿನದೂ ಇದೇ ಕಥೆ. ಸಮುದ್ರ ಹೆಪ್ಪುಗಟ್ಟಿ ಹಡಗು ನಿಂತ ಮೇಲೆ, ಆ ಕೊರೆಯುವ ಚಳಿಗಾಲದಲ್ಲೇ ಅಲ್ಲಿ ನೆಗಡಿ ಹೆಚ್ಚುಕಡಿಮೆ ಇಲ್ಲವಾಗುತ್ತಿತ್ತು. ಮಂಜು ಕರಗಿ ಮೊದಲ ಹಡಗು ಬಂದದ್ದೇ ತಡ, ಊರಿಗೆ ಊರೇ ಸೀನತೊಡಗುತ್ತಿತ್ತು.

ಹಾಗಾದರೆ ಮಳೆಗಾಲದಲ್ಲೇ ಕೆಮ್ಮು ಜ್ವರ ಏಕೆ ಹೆಚ್ಚು ಎಂದು ಕೇಳುವುದು ನ್ಯಾಯವೇ. ಹೆಚ್ಚುವುದು ನಿಜ. ಮಳೆ ಹಿಡಿದರೆ ಬಸ್ಸಿನ ಗಾಜು ಏರುತ್ತವೆ, ಶಾಲೆಯ ಕಿಟಕಿ ಮುಚ್ಚುತ್ತವೆ, ಐವತ್ತು ಮಕ್ಕಳು ಬಿಟ್ಟ ಉಸಿರನ್ನೇ ಐವತ್ತು ಮಕ್ಕಳು ಎಳೆದುಕೊಳ್ಳುತ್ತಾರೆ. ನೆನೆದ ಮರುದಿನವೇ ಶೀತವಾಯಿತಲ್ಲ ಎನ್ನುವವರು ಇನ್ನೊಂದು ಲೆಕ್ಕ ನೋಡಬೇಕು. ಫ್ಲೂ ವೈರಸ್ ಒಳಹೊಕ್ಕ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು 1ರಿಂದ 4 ದಿನ ಬೇಕು. ಎಷ್ಟೋ ಸಲ ಮಳೆ ಬೀಳುವ ಹೊತ್ತಿಗೆ ಸೋಂಕು ಒಳಗೇ ಇರುತ್ತದೆ. ವೇಲ್ಸ್‌ನ ಕಾರ್ಡಿಫ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗವೊಂದನ್ನು ಇಲ್ಲಿ ಮರೆಮಾಚಬಾರದು. ತಣ್ಣೀರಿನಲ್ಲಿ 20 ನಿಮಿಷ ಕಾಲಿಟ್ಟು ಕೂತ 90 ಜನರಲ್ಲಿ 13 ಮಂದಿ, ಹಾಗೆ ಕೂರದ 90 ಜನರಲ್ಲಿ 5 ಮಂದಿ ಮುಂದಿನ ಕೆಲವು ದಿನಗಳಲ್ಲಿ ನೆಗಡಿಯಾಯಿತೆಂದರು. ಮೊದಲೇ ಸೇರಿಕೊಂಡು ಸುಮ್ಮನಿದ್ದ ವೈರಸ್ಸಿಗೆ ಚಳಿ ಅನುಕೂಲ ಮಾಡಿಕೊಟ್ಟಿರಬಹುದು ಎಂಬುದೇ ಆ ಸಂಶೋಧಕರ ವಿವರಣೆ. ಆದ್ದರಿಂದ ನೆನೆದ ತಲೆ ಒರೆಸಿಕೊಳ್ಳುವುದು ಒಳ್ಳೆಯದೇ, ಆದರೆ ಒರೆಸಿಕೊಂಡ ಮಾತ್ರಕ್ಕೆ ರಕ್ಷಣೆ ಸಿಕ್ಕಿತು ಎಂದುಕೊಳ್ಳಬಾರದು.

ತಪ್ಪು ತಿಳಿವಳಿಕೆಯ ನಿಜವಾದ ನಷ್ಟ ಇರುವುದು ಇಲ್ಲಿ. ಮಗುವಿಗೆ ಮೊಸರು ನಿಲ್ಲಿಸುವ ಮನೆಯೇ, ಪರೀಕ್ಷೆ ತಪ್ಪಬಾರದೆಂದು ಜ್ವರದ ಮೈಯಲ್ಲೇ ಅದನ್ನು ಶಾಲೆಗೆ ಕಳಿಸುತ್ತದೆ. ಕೆಮ್ಮುವವರಿರುವ ಕೋಣೆಗೆ ಚಳಿಯ ಹೆದರಿಕೆಯಿಂದ ಕಿಟಕಿ ಮುಚ್ಚುತ್ತದೆ, ಬೇಕಾದದ್ದು ಗಾಳಿಯಾಡುವ ಕೋಣೆ. ಮೆಡಿಕಲ್ ಶಾಪಿನಿಂದ ತಾವೇ ಕೇಳಿ ತಂದ ಆಂಟಿಬಯೋಟಿಕ್ ವೈರಸ್ಸಿಗೆ ಏನೂ ಮಾಡದು. ಫ್ಲೂಗೆ ಲಸಿಕೆಯಿದೆ, ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಅದನ್ನು ವರ್ಷವರ್ಷವೂ ಹಾಕಿಸಬೇಕು. ವಯಸ್ಸಾದವರು, ಗರ್ಭಿಣಿಯರು, ಆಸ್ತಮಾ, ಸಕ್ಕರೆ ಕಾಯಿಲೆ ಇರುವವರು ಇದನ್ನು ವೈದ್ಯರ ಹತ್ತಿರ ಕೇಳಲೇಬೇಕು, ಜ್ವರ ಬಂದರೆ ತಡಮಾಡದೆ ತೋರಿಸಬೇಕು. ಫ್ಲೂ ವೈರಸ್ಸಿನ ಔಷಧಿ ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಕೆಲಸ ಮಾಡುತ್ತದೆ. ಉಳಿದವರಲ್ಲಿ ಒಂದೇ ವಿನಂತಿ: ಮಾತ್ರೆಯ ಸಹಾಯವಿಲ್ಲದೆ ಜ್ವರ ಬಿಟ್ಟು 24 ಗಂಟೆಯಾಗುವವರೆಗೆ ಮಗುವನ್ನು ಶಾಲೆಗೆ ಕಳಿಸಬೇಡಿ, ನೀವೂ ಕೆಲಸಕ್ಕೆ ಹೋಗಬೇಡಿ.