ಕಾಲೇಜು ಆಟಕ್ಕೊಬ್ಬ ಕಮೀಷನರು

ಕಮೀಷನರು ಎಂಬ ಮಾತು ಕಿವಿಗೆ ಬಿದ್ದರೆ ನಮ್ಮವರಿಗೆ ಮೊದಲು ನೆನಪಾಗುವುದು ಪೊಲೀಸು, ಆಮೇಲೆ ನಗರಸಭೆ. ಕಾನೂನು, ಕಂದಾಯ, ಕಸ ಈ ಮೂರರಲ್ಲಿ ಯಾವುದಕ್ಕೂ ಸೇರದ ಕಮೀಷನರೊಬ್ಬನಿರಬಹುದೆಂಬ ಕಲ್ಪನೆಯೇ ನಮಗೆ ಬರುವುದಿಲ್ಲ. ಅಮೆರಿಕದಲ್ಲಾದರೋ ಕಾಲೇಜು ಹುಡುಗರ ಆಟಗಳಿಗೂ ಕಮೀಷನರುಗಳಿದ್ದಾರೆ. ಅವರ ಕೈಯಲ್ಲಿ ಲಾಠಿಯಿಲ್ಲ, ಅವರ ಹಿಂದೆ ಸರ್ಕಾರವಿಲ್ಲ. ಆದರೂ ಅವರಲ್ಲೊಬ್ಬನು ಮನಸ್ಸು ಮಾಡಿದರೆ ಒಂದು ಸೀಮೆಯ ವಿಶ್ವವಿದ್ಯಾನಿಲಯಗಳ ಹಣೆಯ ಬರಹವೇ ಬದಲಾಗುವುದುಂಟು. ಹಾಗೆ ಬದಲಾಯಿಸಿದವರೊಬ್ಬರ ಕತೆಯನ್ನು ಇಲ್ಲಿ ಹೇಳಹೊರಟಿದ್ದೇನೆ. ಅವರ ಹೆಸರು ಡೇವ್ ಗ್ಯಾವಿಟ್.

ಮೊದಲು ಆ ಹುದ್ದೆಯ ಸ್ವರೂಪವನ್ನು ತಿಳಿಯುವುದೊಳ್ಳೆಯದು. ನಮ್ಮಲ್ಲಿ ಅಂತರಕಾಲೇಜು ಪಂದ್ಯಗಳನ್ನು ವಿಶ್ವವಿದ್ಯಾನಿಲಯವೇ ನಡೆಸುತ್ತದೆ. ಯಾರು ಯಾರೊಡನೆ ಆಡಬೇಕೆಂಬುದು ಸುತ್ತೋಲೆಯಲ್ಲಿ ಬರುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಎಂಟೋ ಹತ್ತೋ ವಿದ್ಯಾಸಂಸ್ಥೆಗಳು ತಾವಾಗಿಯೇ ಒಂದು ಕೂಟ ಕಟ್ಟಿಕೊಳ್ಳುತ್ತವೆ. ಅದಕ್ಕೆ ಕಾನ್ಫರೆನ್ಸ್ ಎಂದು ಹೆಸರು. ವರ್ಷವರ್ಷವೂ ತಮ್ಮತಮ್ಮಲ್ಲಿ ಆಡುವುದು, ಒಂದೇ ನಿಯಮಕ್ಕೆ ತಲೆಬಾಗುವುದು, ತೀರ್ಪುಗಾರರನ್ನು ಒಟ್ಟಾಗಿ ನೇಮಿಸಿಕೊಳ್ಳುವುದು ಅದರ ಕಟ್ಟು. 1896ರಲ್ಲಿ ಹುಟ್ಟಿ, ಮುಂದೆ ಬಿಗ್ ಟೆನ್ ಎಂದು ಹೆಸರಾದ ಕೂಟವು 1922ರಲ್ಲಿ ಮೇಜರ್ ಜಾನ್ ಗ್ರಿಫಿತ್ ಎಂಬುವರನ್ನು ತನ್ನ ಮೊದಲ ಕಮೀಷನರನ್ನಾಗಿ ನೇಮಿಸಿಕೊಂಡಿತು. ಅಂದಿನಿಂದ ಈ ಹುದ್ದೆ ಬೇರೂರಿತು. ಕಮೀಷನರನು ವಿಶ್ವವಿದ್ಯಾನಿಲಯಗಳ ಅಧ್ಯಕ್ಷರಿಗೆ ಸಂಬಳದ ನೌಕರ. ಅದೇ ಹೊತ್ತಿಗೆ ಅವರೆಲ್ಲರಿಗೂ ಬುದ್ಧಿ ಹೇಳಬೇಕಾದವನು. ಕಾಲೇಜಿನ ಕ್ರೀಡಾಸಮಿತಿಯಲ್ಲಿ ಮೂರು ವರ್ಷ ಹೆಣಗಿದ ನನಗೆ, ಎರಡು ಕಾಲೇಜುಗಳನ್ನು ಒಂದು ತಾರೀಖಿಗೆ ಒಪ್ಪಿಸುವುದೇ ಎಂಥ ಭಗೀರಥ ಪ್ರಯತ್ನವೆಂಬುದು ಗೊತ್ತು. ಒಂಬತ್ತನ್ನು ಒಪ್ಪಿಸಿದವರ ವಿಷಯದಲ್ಲಿ ನನಗೆ ಗೌರವ ಹುಟ್ಟಿದ್ದರೆ ಆಶ್ಚರ್ಯವಿಲ್ಲ.

ಗ್ಯಾವಿಟ್ಟರು ಹುಟ್ಟಿದ್ದು 1937ರಲ್ಲಿ, ರೋಡ್ ಐಲೆಂಡ್ ಸಂಸ್ಥಾನದ ವೆಸ್ಟರ್ಲಿ ಎಂಬ ಊರಿನಲ್ಲಿ. ರೋಡ್ ಐಲೆಂಡ್ ಅಮೆರಿಕದ ಸಂಸ್ಥಾನಗಳಲ್ಲೆಲ್ಲ ಚಿಕ್ಕದು. ನಮ್ಮ ಕೊಡಗಿಗಿಂತಲೂ ತುಸು ಕಿರಿದು. ಡಾರ್ಟ್‌ಮತ್ ಕಾಲೇಜಿನಲ್ಲಿ ಓದಿ, ಅಲ್ಲಿಯೇ ಎರಡು ವರ್ಷ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಮುಖ್ಯ ತರಬೇತುಗಾರರಾಗಿದ್ದು, 1969ರಲ್ಲಿ ತಮ್ಮ ಸಂಸ್ಥಾನದ ಪ್ರಾವಿಡೆನ್ಸ್ ಕಾಲೇಜಿಗೆ ಬಂದರು. ಡೊಮಿನಿಕನ್ ಪಂಥದ ಪಾದ್ರಿಗಳು ನಡೆಸುವ ಸಣ್ಣ ಕಾಲೇಜು ಅದು. ಆ ಪುಟ್ಟ ಕಾಲೇಜು 1973ರಲ್ಲಿ ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಗಿ ನಿಂತಿತು. ಅರ್ನಿ ಡಿಗ್ರೆಗೋರಿಯೊ, ಮಾರ್ವಿನ್ ಬಾರ್ನ್ಸ್ ಎಂಬ ತಂಡದ ಇಬ್ಬರು ದೊಡ್ಡ ಆಟಗಾರರೂ ಆ ಸೀಮೆಯಲ್ಲೇ ಬೆಳೆದ ಹುಡುಗರು. ಊರಿನ ಹುಡುಗರು ಊರಿನಲ್ಲೇ ನಿಂತರೆ ಏನಾಗಬಹುದೆಂಬ ಪಾಠವನ್ನು ಗ್ಯಾವಿಟ್ಟರು ಆಗಲೇ ಕಲಿತರೆಂದು ತೋರುತ್ತದೆ.

ಏಕೆಂದರೆ ಅವರ ಸೀಮೆಯ ಕೊರಗೇ ಅದಾಗಿತ್ತು. ನ್ಯೂಯಾರ್ಕ್, ಫಿಲಡೆಲ್ಫಿಯ, ವಾಷಿಂಗ್ಟನ್ ನಗರಗಳ ಗಲ್ಲಿಗಲ್ಲಿಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಪ್ರತಿಭಾವಂತ ಹುಡುಗರು ತುಂಬಿದ್ದರು. ಆದರೆ ಅವರಲ್ಲಿ ಅನೇಕರು ಕಾಲೇಜಿಗೆಂದು ದಕ್ಷಿಣಕ್ಕೋ ಪಶ್ಚಿಮಕ್ಕೋ ಹೊರಟುಹೋಗುತ್ತಿದ್ದರು. ಈಶಾನ್ಯದ ಕಾಲೇಜುಗಳಲ್ಲಿ ಹಲವು ಒಂದು ಭದ್ರವಾದ ಕೂಟಕ್ಕೆ ಸೇರದೆ, ಸಿಕ್ಕವರೊಡನೆ ಸಿಕ್ಕಂತೆ ಆಡಿಕೊಂಡಿದ್ದುವು. ಅವನ್ನೆಲ್ಲ ಸಡಿಲವಾಗಿ ಹಿಡಿದಿದ್ದ ದೊಡ್ಡ ಒಕ್ಕೂಟವೊಂದಿತ್ತು, ಅಷ್ಟೆ. 1979ರ ಸುಮಾರಿಗೆ, ರಾಷ್ಟ್ರೀಯ ಪಂದ್ಯಾವಳಿಗೆ ಪ್ರವೇಶ ಬೇಕಾದರೆ ಇಂಥವರು ಇಂಥವರೊಡನೆ ಆಡಲೇಬೇಕೆಂಬ ಕಟ್ಟಳೆ ಬರುವುದೆಂಬ ಸುದ್ದಿ ಹಬ್ಬಿತು. ಇತರರು ಗೊಣಗಿದರು, ಗ್ಯಾವಿಟ್ಟರು ಟೆಲಿಫೋನು ಎತ್ತಿಕೊಂಡರು. ಜಾರ್ಜ್‌ಟೌನಿನ ಫ್ರಾಂಕ್ ರಿಯೆನ್ಜೊ, ನ್ಯೂಯಾರ್ಕಿನ ಸೇಂಟ್ ಜಾನ್ಸ್‌ನ ಜ್ಯಾಕ್ ಕೈಸರ್, ಸಿರಕ್ಯೂಸಿನ ಜೇಕ್ ಕ್ರೌತಮೆಲ್ ಇವರೇ ಅವರ ಮೊದಲ ಜೊತೆಗಾರರು. ಕ್ರೌತಮೆಲ್ಲರು ಡಾರ್ಟ್‌ಮತ್ತಿನ ಕಾಲದಿಂದಲೂ ಗೆಳೆಯರು. ಮೇ 31ರಂದು ಕೂಟ ಸ್ಥಾಪನೆಯಾಯಿತು. ಅದಕ್ಕೆ ಬಿಗ್ ಈಸ್ಟ್ ಎಂದು ಹೆಸರಿಟ್ಟರು, ಕಮೀಷನರು ಗ್ಯಾವಿಟ್ಟರೇ.

ಇನ್ನು ಯಾರನ್ನು ಸೇರಿಸಿಕೊಳ್ಳಬೇಕು? ಇಲ್ಲಿ ಗ್ಯಾವಿಟ್ಟರ ಕಣ್ಣು ತಂಡಗಳ ಮೇಲೆ ಎಷ್ಟಿತ್ತೋ ಭೂಪಟದ ಮೇಲೂ ಅಷ್ಟೇ ಇತ್ತು. ಜಾರ್ಜ್‌ಟೌನೆಂದರೆ ವಾಷಿಂಗ್ಟನ್, ಸೇಂಟ್ ಜಾನ್ಸ್ ಎಂದರೆ ನ್ಯೂಯಾರ್ಕ್, ಸೀಟನ್ ಹಾಲಿನಿಂದ ನ್ಯೂಜೆರ್ಸಿ, ಕನೆಕ್ಟಿಕಟ್ ವಿಶ್ವವಿದ್ಯಾನಿಲಯದಿಂದ ಹಾರ್ಟ್‌ಫರ್ಡ್. ಬಾಸ್ಟನ್ನಿನ ಕಡೆಯಿಂದ, 1947ರಲ್ಲಿ ರಾಷ್ಟ್ರವಿಜೇತವಾಗಿದ್ದ ಹೋಲಿ ಕ್ರಾಸ್ ಕಾಲೇಜನ್ನು ಕರೆದರು, ಅದು ಒಲ್ಲೆನೆಂದಿತು. ಬಾಸ್ಟನ್ ಕಾಲೇಜು ಬಂದಿತು. ರಟ್ಗರ್ಸ್ ವಿಶ್ವವಿದ್ಯಾನಿಲಯವೂ ಕರೆಯನ್ನು ನಿರಾಕರಿಸಿತ್ತು. ಮರುವರ್ಷ ಫಿಲಡೆಲ್ಫಿಯದ ವಿಲನೋವ, 1982ರಲ್ಲಿ ಪಿಟ್ಸ್‌ಬರ್ಗ್ ಸೇರಿ ಸದಸ್ಯರು ಒಂಬತ್ತಾದರು. ಒಂದೊಂದು ಕಾಲೇಜಿನ ಹಿಂದೆಯೂ ಒಂದೊಂದು ನಗರ. ಒಂದೊಂದು ನಗರದಲ್ಲಿಯೂ ಲಕ್ಷಾಂತರ ಟೆಲಿವಿಷನ್ ಪೆಟ್ಟಿಗೆಗಳು! ಅದೇ 1979ರ ಸೆಪ್ಟೆಂಬರಿನಲ್ಲಿ ಕನೆಕ್ಟಿಕಟ್ಟಿನ ಬ್ರಿಸ್ಟಲ್ ಎಂಬ ಊರಿನಿಂದ ಇಎಸ್‌ಪಿಎನ್ ಎಂಬ ಹೊಸ ಟೆಲಿವಿಷನ್ ಸಂಸ್ಥೆ ಪ್ರಸಾರ ಆರಂಭಿಸಿತು. ದಿನವೆಲ್ಲ ಆಟ ತೋರಿಸುವ ಹಟ ಅದರದು. ತೋರಿಸಲು ಆಟವೇ ಸಾಲದು. ಇವರಲ್ಲಿ ಆಟವಿತ್ತು, ತೋರಿಸುವವರಿರಲಿಲ್ಲ. ಕುಂಟನೂ ಕುರುಡನೂ ಕೂಡಿ ಸಂತೆಗೆ ಹೋದ ಕತೆಯಂತಾಯಿತು.

ಆಟದ ತಾಣಗಳ ವಿಷಯದಲ್ಲಿಯೂ ಅವರ ದೃಷ್ಟಿ ದೊಡ್ಡದು. ಕಾಲೇಜಿನ ಆವರಣದ ಕಿರಿದಾದ ವ್ಯಾಯಾಮಶಾಲೆಯಲ್ಲಿ ಆಡಿದರೆ ದೊಡ್ಡ ಕೂಟವೆಂದು ಯಾರು ನಂಬುತ್ತಾರೆ? ಜಾರ್ಜ್‌ಟೌನ್ ತನ್ನ ಪುಟ್ಟ ಅಂಗಣವನ್ನು ಬಿಟ್ಟು 1981ರಲ್ಲಿ ಕ್ಯಾಪಿಟಲ್ ಸೆಂಟರಿಗೆ ಹೋಯಿತು. ಕೂಟದ ವಾರ್ಷಿಕ ಪಂದ್ಯಾವಳಿಯು ಪ್ರಾವಿಡೆನ್ಸ್, ಸಿರಕ್ಯೂಸ್, ಹಾರ್ಟ್‌ಫರ್ಡ್ ಊರುಗಳಲ್ಲಿ ಒಂದೊಂದು ವರ್ಷ ತಂಗಿ, 1983ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿಗೆ ಬಂದಿತು. ಬಂದದ್ದು ಅಲ್ಲಿಂದ ಕದಲಲೇ ಇಲ್ಲ.

ಊರು ಬಿಟ್ಟುಹೋಗುತ್ತಿದ್ದ ಹುಡುಗರು ಈಗ ನಿಲ್ಲತೊಡಗಿದರು. ಜಮೈಕದಲ್ಲಿ ಹುಟ್ಟಿ ಬಾಸ್ಟನ್ನಿನ ಸಮೀಪದಲ್ಲಿ ಬೆಳೆದ ಪ್ಯಾಟ್ರಿಕ್ ಯೂಯಿಂಗ್ ಜಾರ್ಜ್‌ಟೌನಿಗೆ ಬಂದನು. ಬ್ರೂಕ್ಲಿನ್ನಿನ ಕ್ರಿಸ್ ಮಲ್ಲಿನ್ ಸೇಂಟ್ ಜಾನ್ಸ್‌ಗೆ ಸೇರಿದನು. ತರಬೇತುಗಾರರಂತೂ ಒಬ್ಬೊಬ್ಬರೂ ನಾಟಕದ ಪಾತ್ರಗಳೇ. ಜಾರ್ಜ್‌ಟೌನಿನ ಜಾನ್ ಥಾಂಪ್ಸನ್ ಆರಡಿ ಹತ್ತಂಗುಲದ ಗಂಭೀರ ಮೂರ್ತಿ. ಸೇಂಟ್ ಜಾನ್ಸ್‌ನ ಲೂ ಕಾರ್ನೆಸೆಕ್ಕ ಕುಳ್ಳಗಿನ, ಚಟುವಟಿಕೆಯ ಮನುಷ್ಯ. 1985ರಲ್ಲಿ ಬಣ್ಣಬಣ್ಣದ ಒಂದು ವಿಕಾರವಾದ ಸ್ವೆಟರು ತೊಟ್ಟಾಗಲೆಲ್ಲ ಗೆಲುವಾಗುವುದೆಂದು ಅದನ್ನು ಮೈಯಿಂದ ಬಿಡದೆ ಇದ್ದರು. ಫೆಬ್ರವರಿ 27ರಂದು ದೇಶದ ಮೊದಲನೆಯ, ಎರಡನೆಯ ಸ್ಥಾನದ ಈ ತಂಡಗಳು ಗಾರ್ಡನ್ನಿನಲ್ಲಿ ಎದುರಾದಾಗ ಥಾಂಪ್ಸನ್ನರು ಗಂಭೀರವಾಗಿ ಬಂದು ತಮ್ಮ ಕೋಟಿನ ಗುಂಡಿ ಬಿಚ್ಚಿದರು. ಒಳಗೆ ಅದೇ ಸ್ವೆಟರಿನ ಪ್ರತಿರೂಪ! ಸಭೆ ನಕ್ಕು ನಲಿಯಿತು. ಅಂದು ಗೆದ್ದದ್ದು ಮಾತ್ರ ಜಾರ್ಜ್‌ಟೌನ್, 85ಕ್ಕೆ 69.

ಈ ನಡುವೆ ಗ್ಯಾವಿಟ್ಟರ ಸ್ವಂತ ಬಾಳಿನಲ್ಲೊಂದು ನಿರಾಶೆ ಒದಗಿತ್ತು. 1980ರ ಮಾಸ್ಕೋ ಒಲಿಂಪಿಕ್ಸಿಗೆ ಅಮೆರಿಕದ ತಂಡದ ತರಬೇತುಗಾರರಾಗಿ ಅವರನ್ನೇ ಆರಿಸಲಾಗಿತ್ತು. ಅಮೆರಿಕ ಆ ಕ್ರೀಡಾಕೂಟವನ್ನು ಬಹಿಷ್ಕರಿಸಿತು. ತಂಡ ಮನೆಯಲ್ಲೇ ಉಳಿಯಿತು. ನಮ್ಮ ವಾಚಕರಿಗೆ ಇದರಲ್ಲೊಂದು ಸ್ವಾರಸ್ಯವುಂಟು. ಅನೇಕ ದೇಶಗಳು ಹೀಗೆ ಹಿಂದೆಗೆದದ್ದರಿಂದಲೇ ಭಾರತದ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಅಲ್ಲಿ ಪ್ರವೇಶ ದೊರೆಯಿತು. ಒಲಿಂಪಿಕ್ಸಿನಲ್ಲಿ ಈ ಆಟವನ್ನು ನಮ್ಮವರು ಆಡಿದ್ದು ಅದೊಂದೇ ಸಲ. ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯವರಾದರು.

ರಾಷ್ಟ್ರೀಯ ಪಂದ್ಯಾವಳಿಯ ಸಮಿತಿಗೂ ಗ್ಯಾವಿಟ್ಟರು 1982ರಿಂದ 1984ರವರೆಗೆ ಅಧ್ಯಕ್ಷರಾಗಿದ್ದರು. 1982ರಲ್ಲಿ 48 ತಂಡಗಳಿದ್ದ ಆ ಪಂದ್ಯಾವಳಿ 1985ರಲ್ಲಿ 64ಕ್ಕೆ ಬೆಳೆಯಿತು. ಹಾಗೆ ಬೆಳೆದ ಮೊದಲ ವರ್ಷವೇ ಕೊನೆಯ ನಾಲ್ವರಲ್ಲಿ ಮೂವರು ಅವರ ಕೂಟದವರು: ಜಾರ್ಜ್‌ಟೌನ್, ಸೇಂಟ್ ಜಾನ್ಸ್, ವಿಲನೋವ. ಆರು ವರ್ಷದ ಕೂಸಿಗೆ ಇದು ಸಾಮಾನ್ಯ ಸಾಧನೆಯಲ್ಲ. ಏಪ್ರಿಲ್ 1ರಂದು ಕೆಂಟಕಿಯ ಲೆಕ್ಸಿಂಗ್‌ಟನ್ನಿನಲ್ಲಿ ಅಂತಿಮ ಪಂದ್ಯ. ಹಿಂದಿನ ವರ್ಷದ ವಿಜೇತ ಜಾರ್ಜ್‌ಟೌನಿನೆದುರು, ತನ್ನ ವಿಭಾಗದಲ್ಲಿ ಎಂಟನೆಯ ಶ್ರೇಯಾಂಕದ ವಿಲನೋವ ನಿಂತಿತ್ತು. ಗೆಲ್ಲುವುದೆಂದು ಯಾರೂ ಎಣಿಸಿರಲಿಲ್ಲ. ಆ ರಾತ್ರಿ ವಿಲನೋವದ ಹುಡುಗರು ಎಸೆದ 28 ಚೆಂಡುಗಳಲ್ಲಿ 22 ಬುಟ್ಟಿಗೆ ಬಿದ್ದುವು. 66ಕ್ಕೆ 64ರಿಂದ ಗೆದ್ದರು. ಕಮೀಷನರು ಯಾರಿಗಾಗಿ ಚಪ್ಪಾಳೆ ತಟ್ಟಬೇಕು? ಮಕ್ಕಳಿಬ್ಬರು ಕುಸ್ತಿ ಹಿಡಿದಾಗ ತಾಯಿಗಿರುವ ಇಕ್ಕಟ್ಟೇ ಅದು.

ಆದರೆ ಈ ಕಟ್ಟಡದ ಬುಡದಲ್ಲೊಂದು ಬಿರುಕು ಆಗಲೇ ಬಿಟ್ಟಿತ್ತು. ಅಮೆರಿಕದ ಕಾಲೇಜುಗಳಲ್ಲಿ ಬ್ಯಾಸ್ಕೆಟ್‌ಬಾಲಿಗಿಂತಲೂ ಹಣ ತರುವ ಆಟ ಅವರ ರೀತಿಯ ಫುಟ್‌ಬಾಲು. ಬಿಗ್ ಈಸ್ಟಿನಲ್ಲಿ ಕೆಲವರು ಮಾತ್ರ ಅದನ್ನು ದೊಡ್ಡ ಮಟ್ಟದಲ್ಲಿ ಆಡುತ್ತಿದ್ದರು; ಉಳಿದವರಿಗೆ ಬ್ಯಾಸ್ಕೆಟ್‌ಬಾಲೇ ಸರ್ವಸ್ವ. 1982ರಲ್ಲಿ ಫುಟ್‌ಬಾಲಿನಲ್ಲಿ ಬಲಿಷ್ಠವಾದ ಪೆನ್ ಸ್ಟೇಟ್ ವಿಶ್ವವಿದ್ಯಾನಿಲಯವನ್ನು ಸೇರಿಸಿಕೊಳ್ಳುವ ಪ್ರಶ್ನೆ ಮತಕ್ಕೆ ಬಂದಿತು. ಒಂದೇ ಒಂದು ಮತದ ಕೊರತೆಯಿಂದ ಅದು ಬಿದ್ದುಹೋಯಿತು. ಕೂಟವನ್ನು ಕಟ್ಟಿದವರ ಕೈಯಲ್ಲಿ ಆ ಒಂದು ಮತವನ್ನು ಗಳಿಸಿಕೊಡಲಾಗಲಿಲ್ಲವೇ ಎಂದು ಕೇಳುವವರಿದ್ದಾರೆ. ನನಗೂ ಆ ಪ್ರಶ್ನೆ ಎದ್ದುದುಂಟು. ಆದರೆ ಸಣ್ಣ ಕಾಲೇಜುಗಳ ಅಂಜಿಕೆಯೂ ಸುಳ್ಳಲ್ಲ. ತಮ್ಮ ಮನೆಯೊಳಗೆ ಆನೆಯನ್ನು ಕರೆದುಕೊಂಡರೆ ನಾಳೆ ತಾವು ಮಲಗುವುದೆಲ್ಲಿ ಎಂದು ಅವು ಯೋಚಿಸಿದ್ದರೆ ತಪ್ಪೆನ್ನಲಾರೆ. ಕಮೀಷನರನಿಗೆ ಮತವಿಲ್ಲ; ಮಾತು ಮಾತ್ರ ಇದೆ.

1990ರಲ್ಲಿ ಗ್ಯಾವಿಟ್ಟರು ಬಾಸ್ಟನ್ ಸೆಲ್ಟಿಕ್ಸ್ ಎಂಬ ವೃತ್ತಿಪರ ತಂಡದ ಆಡಳಿತಕ್ಕೆ ಹೋದರು. ಮೊದಲಿನಿಂದಲೂ ಅವರ ಬಲಗೈಯಾಗಿದ್ದ ಮೈಕ್ ಟ್ರಾಂಗೀಸರು ಕಮೀಷನರಾದರು. ಅದೇ ವರ್ಷ ಪೆನ್ ಸ್ಟೇಟನ್ನು ಬಿಗ್ ಟೆನ್ ಕೂಟ ಬರಮಾಡಿಕೊಂಡಿತು. ಎಚ್ಚೆತ್ತ ಬಿಗ್ ಈಸ್ಟ್ 1991ರಲ್ಲಿ ಮಯಾಮಿ ಮೊದಲಾದವರನ್ನು ಕೂಡಿಕೊಂಡು ಫುಟ್‌ಬಾಲನ್ನೂ ಹಚ್ಚಿಕೊಂಡಿತು. ಅಂದಿನಿಂದ ಒಂದೇ ಸೂರಿನ ಕೆಳಗೆ ಎರಡು ಒಲೆ. ಗ್ಯಾವಿಟ್ಟರಾದರೋ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾಗಿ, 1992ರ ಬಾರ್ಸೆಲೋನ ಒಲಿಂಪಿಕ್ಸಿಗೆ ಮೈಕೆಲ್ ಜೋರ್ಡನ್, ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್ ಮೊದಲಾದ ವೃತ್ತಿಪರರ ತಂಡ ಹೊರಟಾಗ ಅದರ ಹಿಂದೆ ನಿಂತವರಲ್ಲೊಬ್ಬರಾದರು. ಅವರದೇ ಕೂಟದಲ್ಲಿ ಬೆಳೆದ ಯೂಯಿಂಗ್, ಮಲ್ಲಿನ್ ಇಬ್ಬರೂ ಆ ತಂಡದಲ್ಲಿದ್ದರು. ಮಾಸ್ಕೋದ ನಿರಾಶೆ ಸ್ವಲ್ಪ ಮಟ್ಟಿಗಾದರೂ ತೀರಿರಬೇಕು.

ಮುಂದಿನ ಕತೆ ಸುಖದ್ದಲ್ಲ. ಫುಟ್‌ಬಾಲಿನ ಟೆಲಿವಿಷನ್ ಹಣ ಹಳ್ಳದ ನೀರಿನಂತೆ ಉಕ್ಕಿತು. ಮಯಾಮಿಯೂ ವರ್ಜೀನಿಯ ಟೆಕ್ಕೂ 2004ರಲ್ಲಿ, ಮರುವರ್ಷ ಬಾಸ್ಟನ್ ಕಾಲೇಜೂ ನೆರೆಯ ಅಟ್ಲಾಂಟಿಕ್ ಕೋಸ್ಟ್ ಕೂಟಕ್ಕೆ ಹೊರಟುಹೋದುವು. ಟೆಲಿವಿಷನ್ನನ್ನು ನಂಬಿ ಕಟ್ಟಿದ ಮನೆಯನ್ನು ಟೆಲಿವಿಷನ್ನೇ ಕಿತ್ತುಕೊಂಡು ಹೋಗುತ್ತಿತ್ತೆಂದರೆ ಅತಿಶಯೋಕ್ತಿಯಲ್ಲ. 2011ರ ಸೆಪ್ಟೆಂಬರ್ 16ರಂದು ಗ್ಯಾವಿಟ್ಟರು ತೀರಿಕೊಂಡರು. 18ರಂದು, ಮರಣದ ಸೂತಕ ಇನ್ನೂ ಹಸಿಯಾಗಿರುವಾಗಲೇ, ಸಿರಕ್ಯೂಸ್ ಮತ್ತು ಪಿಟ್ಸ್‌ಬರ್ಗ್ ತಾವೂ ಹೊರಟೆವೆಂಬ ಪ್ರಕಟಣೆ ಹೊರಬಿದ್ದಿತು. ಹಳೆಯ ಗೆಳೆಯ ಕ್ರೌತಮೆಲ್ಲರ ಸಿರಕ್ಯೂಸ್! ಅವರು ಆ ವೇಳೆಗೆ ನಿವೃತ್ತರಾಗಿದ್ದರೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು.

2013ರಲ್ಲಿ ಕೂಟ ಒಡೆಯಿತು. ಫುಟ್‌ಬಾಲಿನ ಗೊಡವೆ ಬೇಡವೆಂದ ಪ್ರಾವಿಡೆನ್ಸ್, ಜಾರ್ಜ್‌ಟೌನ್, ಸೇಂಟ್ ಜಾನ್ಸ್, ಸೀಟನ್ ಹಾಲ್, ವಿಲನೋವ ಮೊದಲಾದ ಏಳು ಕ್ಯಾಥೊಲಿಕ್ ಸಂಸ್ಥೆಗಳು ಬೇರೆಯಾಗಿ, ಬಿಗ್ ಈಸ್ಟ್ ಎಂಬ ಹೆಸರನ್ನೂ ಗಾರ್ಡನ್ನಿನ ಪಂದ್ಯಾವಳಿಯನ್ನೂ ತಮ್ಮಲ್ಲೇ ಉಳಿಸಿಕೊಂಡುವು. ಹೊಸದಾಗಿ ಮೂವರು ಸೇರಿದರು. ಇನ್ನೇನು ಇವರ ಕಾಲ ಮುಗಿಯಿತೆಂದವರೇ ಹೆಚ್ಚು. ವಿಲನೋವ 2016ರಲ್ಲೂ 2018ರಲ್ಲೂ ರಾಷ್ಟ್ರವಿಜೇತವಾಯಿತು. ಒಡಕಿನಲ್ಲಿ ಆಚೆಯ ಪಾಲಿಗೆ ಹೋಗಿದ್ದ ಕನೆಕ್ಟಿಕಟ್ 2020ರಲ್ಲಿ ಹಳೆಯ ಮನೆಗೆ ಹಿಂದಿರುಗಿತು; 2023, 2024 ಎರಡು ವರ್ಷವೂ ಗೆದ್ದಿತು. ಫುಟ್‌ಬಾಲು ತಂಡವನ್ನು ಅದು ಬಾಗಿಲ ಹೊರಗೆ ಬಿಟ್ಟು ಬಂದಿತ್ತು.