ಕಾಣದ ರಾಣಿಯ ಮೂಗು

ಚಕ್ರವರ್ತಿಗೆ ಚಿತ್ರ ಹಿಡಿಸಿತು, ಮೂಗು ಹಿಡಿಸಲಿಲ್ಲ. ಸ್ಪೇನ್, ನೆದರ್‌ಲೆಂಡ್ಸ್, ಇಟಲಿಯ ಒಂದು ದೊಡ್ಡ ಭಾಗ, ಸಾಲದೆಂಬಂತೆ ಅಮೆರಿಕದ ಹೊಸ ಸೀಮೆಗಳು, ಇಷ್ಟಕ್ಕೂ ಒಡೆಯನಾಗಿದ್ದ ಐದನೆಯ ಚಾರ್ಲ್ಸ್ 1547ರಲ್ಲಿ ತನ್ನ ಹೆಂಡತಿಯ ಚಿತ್ರದಲ್ಲಿ ಮೂಗನ್ನು ಕೊಂಚ ತಿದ್ದಿಕೊಡಬೇಕೆಂದು ವೆನಿಸ್ಸಿನ ಚಿತ್ರಕಾರ ಟಿಷಿಯನ್‌ಗೆ ಹೇಳಿಕಳುಹಿಸಿದ. ಹೆಂಡತಿ ಇಸಬೆಲ್ಲಾ, ಪೋರ್ಚುಗಲ್ಲಿನ ರಾಜಕುಮಾರಿ, ತೀರಿಕೊಂಡು ಆಗಲೇ ಎಂಟು ವರ್ಷವಾಗಿತ್ತು. ಟಿಷಿಯನ್ ಆಕೆಯನ್ನು ಒಮ್ಮೆಯೂ ಕಂಡವನಲ್ಲ. ಅವನೆದುರಿಗಿದ್ದದ್ದು ಬೇರೆ ಯಾರೋ ಸಾಧಾರಣ ಕಲಾವಿದ ಬರೆದ ಹಳೆಯ ಚಿತ್ರ ಮಾತ್ರ.

ನಮ್ಮ ಊರುಗಳ ಸ್ಟುಡಿಯೋದವರಿಗೆ ಈ ಪಾಡು ಗೊತ್ತು. ತೀರಿಕೊಂಡ ಅಜ್ಜಿಯ ಒಂದೇ ಒಂದು ಫೋಟೊ ಇರುತ್ತದೆ, ಅದೂ ಯಾವುದೋ ಮದುವೆಯ ಗುಂಪಿನಲ್ಲಿ. ಅದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ ಮೇಲೆ ಮನೆಯವರು ಬಂದು ಅಜ್ಜಿ ಹೀಗಿರಲಿಲ್ಲ ಎನ್ನುತ್ತಾರೆ. ಹೇಗಿದ್ದರು ಎಂದರೆ ಒಬ್ಬೊಬ್ಬರದು ಒಂದೊಂದು ಉತ್ತರ.

ಟಿಷಿಯನ್ ಬರೆದ ಆ ಮೊದಲ ಚಿತ್ರ ಈಗಿಲ್ಲ. 1604ರಲ್ಲಿ ಮ್ಯಾಡ್ರಿಡ್ ಬಳಿಯ ಎಲ್ ಪಾರ್ದೊ ಅರಮನೆಗೆ ಬೆಂಕಿ ಬಿದ್ದಾಗ ಸುಟ್ಟುಹೋಯಿತು. ಕಪ್ಪು ಉಡುಪು, ಮಡಿಲಲ್ಲಿ ಹೂ, ಪಕ್ಕದಲ್ಲಿ ಕಿರೀಟ ಎಂದು ಪ್ರತಿಗಳಿಂದ ತಿಳಿಯುತ್ತದೆ. ಉಳಿದಿರುವುದು 1548ರಲ್ಲಿ ಬರೆದ ಇನ್ನೊಂದು. ಆ ವರ್ಷ ಚಾರ್ಲ್ಸ್ ಟಿಷಿಯನ್‌ನನ್ನು ಜರ್ಮನಿಯ ಔಗ್ಸ್‌ಬರ್ಗ್‌ಗೆ ಕರೆಸಿಕೊಂಡಿದ್ದ. ಮ್ಯೂಲ್‌ಬರ್ಗ್ ಕಾಳಗ ಗೆದ್ದ ತನ್ನನ್ನು ಕುದುರೆಯ ಮೇಲೆ ಬರೆಸಿಕೊಂಡದ್ದೂ ಅಲ್ಲಿಯೇ. ಎರಡೂ ಈಗ ಪ್ರಾಡೊ ಸಂಗ್ರಹಾಲಯದಲ್ಲಿವೆ. ಕುದುರೆಯ ಚಿತ್ರದ ಮುಂದೆ ಯಾವಾಗಲೂ ಜನ. ನನ್ನನ್ನು ಕೇಳಿದರೆ ಗೆಲುವು ರಾಣಿಯದೇ.

ಆಕೆ ಕುರ್ಚಿಯಲ್ಲಿ ಕುಳಿತಿದ್ದಾಳೆ. ಜರಿ ತುಂಬಿದ ಕೆಂಪು ಉಡುಪು, ಹೆಣೆದು ಕಟ್ಟಿದ ಕೆಂಚುಗೂದಲು, ಕೊರಳಲ್ಲೂ ಎದೆಯ ಮೇಲೂ ಮುತ್ತು. ಕೈಯಲ್ಲಿ ತೆರೆದ ಪುಟ್ಟ ಪ್ರಾರ್ಥನೆಯ ಪುಸ್ತಕವಿದೆ, ಓದುತ್ತಿಲ್ಲ. ನಮ್ಮ ಕಡೆಗೂ ನೋಡುತ್ತಿಲ್ಲ. ಕಿಟಕಿಯಾಚೆ ನೀಲಿಗಟ್ಟಿದ ಬೆಟ್ಟ. ಬಟ್ಟೆಯನ್ನು ಮುಟ್ಟಿದರೆ ದಪ್ಪ ತಿಳಿಯುವಷ್ಟು ಚೆನ್ನಾಗಿ ಬರೆದವನು ಮುಖವನ್ನು ಮಾತ್ರ ದೂರವೇ ಇರಿಸಿದ್ದಾನೆ. ಯಾವ ಭಾವವನ್ನೂ ಆಕೆಯ ಮೇಲೆ ಹೇರಿಲ್ಲ. ಕಾಣದವರ ಬಗ್ಗೆ ಅದು ಪ್ರಾಮಾಣಿಕ ನಡೆ ಎಂದೇ ನನಗನ್ನಿಸುತ್ತದೆ.

ಇಷ್ಟು ಹಂಬಲಿಸಿದ ಗಂಡ ಮದುವೆಯಾದದ್ದು ಮೊದಲಿಗೆ ದುಡ್ಡಿಗಾಗಿ. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಮಗಳು ಮೇರಿಯೊಡನೆ ಆದ ನಿಶ್ಚಿತಾರ್ಥವನ್ನು ಮುರಿದು, 1526ರ ಮಾರ್ಚ್‌ನಲ್ಲಿ ಸೆವಿಲ್ಲೆಯಲ್ಲಿ ತನ್ನ ಚಿಕ್ಕಮ್ಮನ ಮಗಳಾದ ಇಸಬೆಲ್ಲಾಳ ಕೈ ಹಿಡಿದ. ಮೇರಿಗೆ ಆಗ ಹತ್ತು ವರ್ಷ, ಇಸಬೆಲ್ಲಾಳಿಗೆ ಇಪ್ಪತ್ತೆರಡು. ಪೋರ್ಚುಗಲ್ ಒಪ್ಪಿಕೊಂಡ ವರದಕ್ಷಿಣೆ 9 ಲಕ್ಷ ಚಿನ್ನದ ದೋಬ್ಲಾ. ಆ ಸಿರಿಯಲ್ಲಿ ನಮ್ಮ ಕಡಲಿನ ಕರಿಮೆಣಸಿನ ಘಾಟೂ ಇತ್ತು. ವಾಸ್ಕೋ ಡ ಗಾಮನನ್ನು ಇತ್ತ ಕಳುಹಿಸಿದ ದೊರೆ ಮ್ಯಾನುಯೆಲ್ ಈಕೆಯ ಅಪ್ಪ. ಹೊನ್ನಾವರದ ತಿಮ್ಮಯ್ಯನ ನೆರವು ಪಡೆದು ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ ಬಿಜಾಪುರದ ಆದಿಲ್‌ಶಾಹಿಯ ಕೈಯಿಂದ ಗೋವೆಯನ್ನು ಕಿತ್ತುಕೊಂಡ 1510ರಲ್ಲಿ ಈಕೆ ಲಿಸ್ಬನ್ನಿನಲ್ಲಿ ಪುಟ್ಟ ಹುಡುಗಿ.

ಮದುವೆಯ ನಂತರ ಕೆಲವು ತಿಂಗಳು ಗ್ರನಾಡಾದ ಅಲ್‌ಹಂಬ್ರಾದಲ್ಲಿ ಕಳೆದರು. ವ್ಯವಹಾರವೆಂದು ಶುರುವಾದದ್ದು ಒಲವಾಯಿತು. ಆದರೆ ಒಲಿದ ಗಂಡ ಮನೆಯಲ್ಲಿ ನಿಲ್ಲಲಿಲ್ಲ. 1529ರ ಜುಲೈನಲ್ಲಿ ಹಡಗು ಹತ್ತಿದವನು ಸ್ಪೇನ್‌ಗೆ ಮರಳಿದ್ದು 1533ರಲ್ಲಿ. ಬಂದು ಎರಡು ವರ್ಷಕ್ಕೆ ಟ್ಯುನಿಸ್ ದಂಡಯಾತ್ರೆ. ಅಷ್ಟು ಕಾಲವೂ ರಾಜ್ಯ ನಡೆಸಿದವಳು ಆಕೆ: ಕರಾವಳಿಗೆ ನುಗ್ಗುವ ಕಡಲ್ಗಳ್ಳರಿಂದ ಊರುಗಳನ್ನು ಕಾಯಬೇಕು, ಯುದ್ಧಕ್ಕೆ ಹಣ ಹೊಂದಿಸಬೇಕು, ನಡುವೆ ಬಸಿರು ಬಾಣಂತನ. 1529ರ ಜುಲೈ 26ರಂದು ಟೊಲೆಡೊದಲ್ಲಿ ಫ್ರಾನ್ಸಿಸ್ಕೊ ಪಿಸಾರೊಗೆ ಪೆರುವನ್ನು ಗೆದ್ದುಕೊಳ್ಳಲು ಪರವಾನಗಿ ಸಿಕ್ಕಿತು. ಆ ಪತ್ರಕ್ಕೆ ಸಹಿ ಹಾಕಿದ್ದು ಇವಳೇ. ಇಂಕಾ ಸಾಮ್ರಾಜ್ಯದ ಪತನದ ಹಿಂದೆ ಈ ಕೈಯೂ ಇತ್ತೆಂದು ಚಿತ್ರದ ಬೆರಳುಗಳನ್ನು ನೋಡಿ ಯಾರೂ ಊಹಿಸಲಾರರು. ಟಿಷಿಯನ್ ಅದಕ್ಕೆ ಪ್ರಾರ್ಥನೆಯ ಪುಸ್ತಕ ಕೊಟ್ಟ. ಮೇಜಿನ ಮೇಲೆ ಒಂದು ಕಾಗದ ಪತ್ರವಾದರೂ ಇರಬಾರದಿತ್ತೇ? ಗಂಡ ಕೇಳಿದ್ದು ಹೆಂಡತಿಯನ್ನು, ಆಡಳಿತಗಾರ್ತಿಯನ್ನಲ್ಲ.

1539ರ ಮೇ 1ರಂದು ಟೊಲೆಡೊದಲ್ಲಿ ಹೆರಿಗೆಯ ನಂತರ ಆಕೆ ತೀರಿಕೊಂಡಳು. ವಯಸ್ಸು ಮೂವತ್ತೈದು. ಮಗುವೂ ಉಳಿಯಲಿಲ್ಲ. ಚಾರ್ಲ್ಸ್ ಮಠವೊಂದನ್ನು ಸೇರಿ ಬಾಗಿಲು ಹಾಕಿಕೊಂಡ. ಮತ್ತೆ ಮದುವೆಯಾಗಲಿಲ್ಲ. ದೇಹವನ್ನು ಗ್ರನಾಡಾಕ್ಕೆ ಒಯ್ದ ಪರಿವಾರದಲ್ಲಿ ಆಸ್ಥಾನಿಕ ಫ್ರಾನ್ಸಿಸ್ಕೊ ಬೋರ್ಹಾ ಇದ್ದ. ಅಲ್ಲಿ ಪೆಟ್ಟಿಗೆ ತೆರೆದು ಇದು ರಾಣಿಯೇ ಎಂದು ದೃಢಪಡಿಸಬೇಕಿತ್ತು. ದಾರಿಯ ಬಿಸಿಲಿಗೆ ಕೆಟ್ಟುಹೋಗಿದ್ದ ಆ ಮುಖ ಕಂಡು, ಇನ್ನು ಸಾಯುವ ಒಡೆಯರ ಸೇವೆ ಬೇಡವೆಂದು ಅವನು ಅಲ್ಲೇ ನಿಶ್ಚಯಿಸಿದನೆಂದು ಕಥೆ ಹೇಳುತ್ತದೆ. ಮುಂದೆ ಹೆಂಡತಿ ಸತ್ತ ಮೇಲೆ ಜೆಸ್ವಿಟ್ ಸಂಘ ಸೇರಿದ್ದಂತೂ ನಿಜ.

ಬದುಕಿದ್ದಾಗ ಹಿಂದೆ ಬಿಟ್ಟುಹೋದವಳನ್ನು ಸತ್ತ ಮೇಲೆ ಚಾರ್ಲ್ಸ್ ಹೋದಲ್ಲೆಲ್ಲ ಹೊತ್ತೊಯ್ದ. ಔಗ್ಸ್‌ಬರ್ಗ್‌ನಿಂದ ಚಿತ್ರ ನೆದರ್‌ಲೆಂಡ್ಸ್‌ಗೆ ಹೋಯಿತು. ಪಟ್ಟಗಳನ್ನೆಲ್ಲ ಬಿಟ್ಟುಕೊಟ್ಟು 1557ರಲ್ಲಿ ಅವನು ಯುಸ್ತೆಯ ಮಠಕ್ಕೆ ಬಂದಾಗ ಅಲ್ಲಿಗೂ ಬಂತು. ಬೋರ್ಹಾ ಯುಸ್ತೆಗೂ ಬಂದು ಅವನನ್ನು ಭೇಟಿಯಾಗಿದ್ದ. ಒಬ್ಬ ಪೆಟ್ಟಿಗೆಯೊಳಗಿನ ಮುಖ ಕಂಡವನು, ಇನ್ನೊಬ್ಬ ಕ್ಯಾನ್ವಾಸಿನ ಮುಖ ತಿದ್ದಿಸಿದವನು. ಏನು ಮಾತಾಡಿಕೊಂಡರೋ!

1558ರ ಸೆಪ್ಟೆಂಬರ್ 21ರಂದು ಚಾರ್ಲ್ಸ್ ಸತ್ತಾಗ ಕೈಯಲ್ಲಿದ್ದದ್ದು ಇಸಬೆಲ್ಲಾ ಸಾಯುವಾಗ ಹಿಡಿದಿದ್ದ ಶಿಲುಬೆ. ಆಕೆಯ ಕಂಚಿನ ಮೂರ್ತಿ ಎರಕ ಹೊಯ್ದ ಶಿಲ್ಪಿ ಲಿಯೋನೆ ಲಿಯೋನಿ ಮುಖಕ್ಕೆ ಆಧರಿಸಿದ್ದೂ ಟಿಷಿಯನ್‌ನನ್ನೇ. ಮಗ ಎರಡನೆಯ ಫಿಲಿಪ್ ತಾನು ಕಟ್ಟಿಸುತ್ತಿದ್ದ ಎಸ್ಕೋರಿಯಲ್‌ಗೆ 1574ರಲ್ಲಿ ತಾಯಿಯನ್ನು ಗ್ರನಾಡಾದಿಂದಲೂ ತಂದೆಯನ್ನು ಯುಸ್ತೆಯಿಂದಲೂ ತರಿಸಿ ಒಂದೇ ಕಡೆ ಇರಿಸಿದ.