ಪೋರ್ಟಬಲ್ ಪವರ್ ಸ್ಟೇಷನ್: ಬಾಕ್ಸ್ ಮೇಲೆ 1,000 ಇದ್ದರೆ ಕೈಗೆ ಸಿಗುವುದೆಷ್ಟು? ಕೊಳ್ಳುವ ಮುನ್ನ ಈ ಲೆಕ್ಕ ತಿಳಿದಿರಲಿ

ಹೈದರಾಬಾದ್: ಏಪ್ರಿಲ್-ಮೇ ಬಂತೆಂದರೆ ಹೈದರಾಬಾದ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸಂಜೆ ಇದ್ದಕ್ಕಿದ್ದಂತೆ ಬಿರುಗಾಳಿ, ಗುಡುಗು ಸಹಿತ ಮಳೆ. ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಬಡಾವಣೆಗೆ ಬಡಾವಣೆಯೇ ಕತ್ತಲು. ಕೊಂಡಾಪುರ, ಮಾದಾಪುರ, ಗಚ್ಚಿಬೌಲಿಯ ಬಾಡಿಗೆ ಫ್ಲಾಟ್‌ಗಳಲ್ಲಿ ಕುಳಿತು ಕೆಲಸ ಮಾಡುವವರಿಗೆ ಆಗ ಮೊದಲು ಕೈಕೊಡುವುದು ವೈಫೈ, ಆಮೇಲೆ ಲ್ಯಾಪ್‌ಟಾಪ್. ಇಂಥವರ ಗಮನ ಈಗ ಪೋರ್ಟಬಲ್ ಪವರ್ ಸ್ಟೇಷನ್ ಕಡೆ ತಿರುಗಿದೆ. ಸೂಟ್‌ಕೇಸ್‌ನಂತೆ ಎತ್ತಿಕೊಂಡು ಹೋಗಬಹುದಾದ ಈ ಪೆಟ್ಟಿಗೆಯಲ್ಲಿ ಲೀಥಿಯಂ ಬ್ಯಾಟರಿ, ಇನ್ವರ್ಟರ್, ಚಾರ್ಜರ್ ಮೂರೂ ಇರುತ್ತವೆ.

ಆದರೆ ಬಾಕ್ಸ್ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಸಂಖ್ಯೆ ಒಂದು, ಮನೆಯಲ್ಲಿ ನಿಮಗೆ ಸಿಗುವ ವಿದ್ಯುತ್ ಮತ್ತೊಂದು. ಆ ವ್ಯತ್ಯಾಸ ಎಲ್ಲಿಂದ ಬರುತ್ತದೆ, ಎರಡು ಮಾಡೆಲ್‌ಗಳನ್ನು ಹೋಲಿಸುವುದು ಹೇಗೆ? ಇಲ್ಲಿದೆ ವಿವರ.

ಜನರೇಟರ್ ಇದ್ದರೂ ಇದು ಬೇಕೇ?

ದೊಡ್ಡ ಗೇಟೆಡ್ ಸಮುಚ್ಚಯಗಳಲ್ಲಿ ಡೀಸೆಲ್ ಜನರೇಟರ್ ಪ್ರತಿ ಫ್ಲಾಟ್‌ಗೂ ವಿದ್ಯುತ್ ಕೊಡುತ್ತದೆ. ಅಂಥ ಮನೆಗಳಿಗೆ ಪವರ್ ಸ್ಟೇಷನ್ ಅಗತ್ಯ ಕಡಿಮೆ. ಹಳೆಯ ಮತ್ತು ಚಿಕ್ಕ ಅಪಾರ್ಟ್‌ಮೆಂಟ್‌ಗಳಲ್ಲಿ ಮಾತ್ರ ಜನರೇಟರ್ ಲಿಫ್ಟ್, ಮೆಟ್ಟಿಲ ದೀಪ, ನೀರಿನ ಪಂಪ್‌ಗಷ್ಟೇ ಸೀಮಿತವಾಗಿರುವುದು ಸಾಮಾನ್ಯ.

ಇನ್ನೊಂದು ಸಮಸ್ಯೆ ಸೆಲ್ಲಾರ್. ಅನೇಕ ಕಟ್ಟಡಗಳಲ್ಲಿ ಮೀಟರ್ ಪ್ಯಾನೆಲ್, ಜನರೇಟರ್ ಎರಡೂ ಅಲ್ಲೇ ಇರುತ್ತವೆ. 2020ರ ಅಕ್ಟೋಬರ್ 13-14ರ ಮಹಾಮಳೆಯಲ್ಲಿ ನಗರದ ಹಲವು ತಗ್ಗು ಬಡಾವಣೆಗಳು ಜಲಾವೃತವಾದಾಗ ಸೆಲ್ಲಾರ್‌ಗಳೂ ಮುಳುಗಿದವು. ನೀರು ಹೊಕ್ಕ ಕಟ್ಟಡಕ್ಕೆ ಸುರಕ್ಷತೆಗಾಗಿ ವಿದ್ಯುತ್ ಕಡಿತಗೊಳಿಸಲೇಬೇಕು. ನೀರು ಖಾಲಿಯಾಗಿ, ಪ್ಯಾನೆಲ್ ಒಣಗುವವರೆಗೆ ಸಂಪರ್ಕ ಮರಳುವುದಿಲ್ಲ. ಮನೆಯಲ್ಲಿ ಆಮ್ಲಜನಕ ಯಂತ್ರ, ಸಿಪ್ಯಾಪ್ ಅಥವಾ ನೆಬ್ಯುಲೈಸರ್ ಬಳಸುವ ಹಿರಿಯರಿದ್ದರೆ ಆ ಹೊತ್ತಿನಲ್ಲಿ ಬ್ಯಾಟರಿಯ ಲೆಕ್ಕ ತಪ್ಪುವಂತಿಲ್ಲ.

ಎಂಎಎಚ್ ಬಿಡಿ, ವ್ಯಾಟ್ ಅವರ್ ನೋಡಿ

ಜಾಹೀರಾತುಗಳಲ್ಲಿ '80,000 ಎಂಎಎಚ್' ಎಂಬಂಥ ದೊಡ್ಡ ಸಂಖ್ಯೆ ಕಣ್ಣಿಗೆ ಬೀಳುತ್ತದೆ. ಇದರಿಂದ ಹೋಲಿಕೆ ಸಾಧ್ಯವಿಲ್ಲ. ಕಾರಣ, ಎಂಎಎಚ್ ಜೊತೆಗೆ ವೋಲ್ಟೇಜ್ ಸೇರಿದರೆ ಮಾತ್ರ ಶಕ್ತಿಯ ಪ್ರಮಾಣ ತಿಳಿಯುತ್ತದೆ. 3.7 ವೋಲ್ಟ್‌ನ ಸೆಲ್ ಆದರೆ 80,000 ಎಂಎಎಚ್ ಎಂದರೆ 296 ವ್ಯಾಟ್ ಅವರ್. 3.2 ವೋಲ್ಟ್‌ನ ಸೆಲ್ ಆದರೆ 256 ವ್ಯಾಟ್ ಅವರ್ ಮಾತ್ರ. ಲೆಕ್ಕ ಸುಲಭ: ಎಂಎಎಚ್ ಅನ್ನು 1,000ದಿಂದ ಭಾಗಿಸಿ, ವೋಲ್ಟ್‌ನಿಂದ ಗುಣಿಸಿ.

1,000 ವ್ಯಾಟ್ ಅವರ್ ಎಂದರೆ ಕರೆಂಟ್ ಬಿಲ್‌ನ ಒಂದು ಯೂನಿಟ್. ಹತ್ತು ಕಿಲೋಗಿಂತ ಹೆಚ್ಚು ತೂಗುವ ಪವರ್ ಸ್ಟೇಷನ್‌ನಲ್ಲಿ ಇರುವುದು ಸುಮಾರು ಒಂದೇ ಒಂದು ಯೂನಿಟ್ ವಿದ್ಯುತ್ ಎಂಬುದು ನೆನಪಿರಲಿ.

ಟ್ಯಾಂಕ್ ಬೇರೆ, ನಲ್ಲಿ ಬೇರೆ

ವ್ಯಾಟ್ ಅವರ್ ಎಂಬುದು ತಾರಸಿಯ ಮೇಲಿನ ಟ್ಯಾಂಕ್‌ನ ಗಾತ್ರ. ವ್ಯಾಟ್ ಎಂಬುದು ನಲ್ಲಿಯ ಗಾತ್ರ. ಟ್ಯಾಂಕ್ ದೊಡ್ಡದಿದ್ದರೂ ನಲ್ಲಿ ಸಣ್ಣದಿದ್ದರೆ ಒಮ್ಮೆಗೆ ಹೆಚ್ಚು ನೀರು ಬಾರದು. 300 ವ್ಯಾಟ್ ಔಟ್‌ಪುಟ್‌ನ ಪೆಟ್ಟಿಗೆಗೆ 750 ವ್ಯಾಟ್‌ನ ಮಿಕ್ಸಿ ಜೋಡಿಸಿದರೆ, ಬ್ಯಾಟರಿ ಭರ್ತಿ ಇದ್ದರೂ ಅದು ಓವರ್‌ಲೋಡ್ ಎಂದು ನಿಂತುಬಿಡುತ್ತದೆ.

ಫ್ರಿಜ್, ಪಂಪ್‌ನಂಥ ಮೋಟಾರ್ ಇರುವ ಉಪಕರಣಗಳು ಆರಂಭದ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ವಿದ್ಯುತ್ ಎಳೆಯುತ್ತವೆ. ಹಾಗಾಗಿ ನಿರಂತರ ವ್ಯಾಟ್ ಮತ್ತು ಸರ್ಜ್ ವ್ಯಾಟ್ ಎರಡನ್ನೂ ನೋಡಬೇಕು. ಔಟ್‌ಪುಟ್ 'ಪ್ಯೂರ್ ಸೈನ್ ವೇವ್' ಆಗಿರುವುದೂ ಮುಖ್ಯ. ಇಲ್ಲದಿದ್ದರೆ ಮೋಟಾರ್‌ಗಳು ಗುಂಯ್‌ಗುಡುತ್ತವೆ, ಬಿಸಿಯಾಗುತ್ತವೆ.

ವಿದ್ಯುತ್ ಸೋರುವುದು ಎಲ್ಲಿ?

ಬ್ಯಾಟರಿಯಲ್ಲಿರುವುದು ಡಿಸಿ ವಿದ್ಯುತ್. ಅದನ್ನು ಮನೆಯ 230 ವೋಲ್ಟ್‌ಗೆ ಪರಿವರ್ತಿಸುವಾಗ ಒಂದಷ್ಟು ಶಾಖವಾಗಿ ನಷ್ಟವಾಗುತ್ತದೆ. ಸಾಮಾನ್ಯ ಹೊರೆಯಲ್ಲಿ ಕೈಗೆ ಸಿಗುವುದು ಶೇ 85ರ ಆಸುಪಾಸು. ಅಂದರೆ 1,024 ವ್ಯಾಟ್ ಅವರ್‌ನ ಪೆಟ್ಟಿಗೆಯಿಂದ ಸುಮಾರು 870, 256ರದ್ದರಿಂದ ಸುಮಾರು 218.

ಹೆಚ್ಚಿನವರು ಗಮನಿಸದ ಇನ್ನೊಂದು ನಷ್ಟ ಇನ್ವರ್ಟರ್‌ನ ಸ್ವಂತ ಬಳಕೆ. 230 ವೋಲ್ಟ್ ಸಾಕೆಟ್ ಆನ್ ಆಗಿದ್ದರೆ ಏನನ್ನೂ ಜೋಡಿಸದಿದ್ದರೂ ಅದು 10ರಿಂದ 20 ವ್ಯಾಟ್ ತಿನ್ನುತ್ತಿರಬಹುದು. ದೊಡ್ಡ ಹೊರೆಗೆ ಇದು ಲೆಕ್ಕಕ್ಕಿಲ್ಲ. ಸಣ್ಣ ಹೊರೆಗೆ ಇದೇ ಮುಳುವು.

ವೈಫೈ ರೂಟರ್ ಉದಾಹರಣೆ ನೋಡಿ. ಅದು ಎಳೆಯುವುದು ಸುಮಾರು 12 ವ್ಯಾಟ್. ಇನ್ವರ್ಟರ್ ಸ್ವಂತಕ್ಕೆ ಇನ್ನೊಂದು 12 ವ್ಯಾಟ್ ಬಳಸಿದರೆ ಅರ್ಧದಷ್ಟು ಬ್ಯಾಟರಿ ಸುಮ್ಮನೆ ಖರ್ಚು. 256 ವ್ಯಾಟ್ ಅವರ್‌ನ ಪೆಟ್ಟಿಗೆ ಸುಮಾರು 10 ಗಂಟೆಯಲ್ಲಿ ಖಾಲಿ. ಅದೇ ರೂಟರ್ ಅನ್ನು ಪೆಟ್ಟಿಗೆಯ 12 ವೋಲ್ಟ್ ಡಿಸಿ ಪಿನ್‌ಗೆ ನೇರವಾಗಿ ಜೋಡಿಸಿ 230 ವೋಲ್ಟ್ ಸಾಕೆಟ್ ಆಫ್ ಮಾಡಿದರೆ 18 ಗಂಟೆಯವರೆಗೂ ಬರಬಹುದು. ಆದರೆ ರೂಟರ್‌ನ ಅಡಾಪ್ಟರ್ ಮೇಲೆ 12 ವೋಲ್ಟ್ ಎಂದು ಬರೆದಿದೆಯೇ, ಪಿನ್ ಗಾತ್ರ ಮತ್ತು ಪ್ಲಸ್-ಮೈನಸ್ ಹೊಂದುತ್ತದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಲ್ಯಾಪ್‌ಟಾಪ್ ಅನ್ನೂ ಸಾಧ್ಯವಿದ್ದರೆ ಟೈಪ್-ಸಿ ಮೂಲಕವೇ ಚಾರ್ಜ್ ಮಾಡಿ.

ಯಾವುದು ಎಷ್ಟು ಹೊತ್ತು ಓಡುತ್ತದೆ?

ಇದು ಶೇ 85ರ ಲೆಕ್ಕದ ಅಂದಾಜು. ಇನ್ವರ್ಟರ್‌ನ ಸ್ವಂತ ಬಳಕೆ ಸೇರಿದರೆ ಇನ್ನೂ ಸ್ವಲ್ಪ ಕಡಿಮೆಯಾಗಬಹುದು.

- ಲ್ಯಾಪ್‌ಟಾಪ್, ರೂಟರ್, ಒಂದು ಎಲ್‌ಇಡಿ ಬಲ್ಬ್ (ಒಟ್ಟು 70 ವ್ಯಾಟ್): 256ರ ಪೆಟ್ಟಿಗೆಯಲ್ಲಿ 3 ಗಂಟೆ, 1,024ರದ್ದರಲ್ಲಿ 12 ಗಂಟೆ.
- ಟೇಬಲ್ ಫ್ಯಾನ್ (50 ವ್ಯಾಟ್): 4 ಗಂಟೆ ಮತ್ತು 17 ಗಂಟೆ. ಸೀಲಿಂಗ್ ಫ್ಯಾನ್ ಗೋಡೆಯ ವೈರಿಂಗ್‌ಗೆ ಸೇರಿರುವುದರಿಂದ ಅದನ್ನು ಈ ಪೆಟ್ಟಿಗೆಗೆ ಚುಚ್ಚಲಾಗದು.
- ಸಣ್ಣ ಫ್ರಿಜ್ (ಓಡುವಾಗ 100 ವ್ಯಾಟ್): ಕಂಪ್ರೆಸರ್ ಆಗಾಗ ನಿಲ್ಲುವುದರಿಂದ 1,024ರ ಪೆಟ್ಟಿಗೆಯಲ್ಲಿ 12ರಿಂದ 15 ಗಂಟೆ. ಸಣ್ಣ ಪೆಟ್ಟಿಗೆ ಆರಂಭದ ಹೊರೆಗೇ ನಿಲ್ಲಬಹುದು.
- 5 ಲೀಟರ್ ಆಮ್ಲಜನಕ ಯಂತ್ರ (350 ವ್ಯಾಟ್): 1,024ರ ಪೆಟ್ಟಿಗೆಯಲ್ಲಿ ಸುಮಾರು ಎರಡೂವರೆ ಗಂಟೆ. 300 ವ್ಯಾಟ್ ಔಟ್‌ಪುಟ್‌ನ ಸಣ್ಣ ಪೆಟ್ಟಿಗೆಯಲ್ಲಿ ಓಡುವುದೇ ಇಲ್ಲ.
- ಒಂದೂವರೆ ಟನ್ ಏರ್ ಕಂಡಿಷನರ್ (1,500 ವ್ಯಾಟ್): ದೊಡ್ಡ ಪೆಟ್ಟಿಗೆಯಲ್ಲೂ ಅರ್ಧ ಗಂಟೆ ದಾಟುವುದು ಕಷ್ಟ. ಗೀಸರ್, ಇಂಡಕ್ಷನ್ ಒಲೆಯ ಆಸೆ ಬಿಡುವುದೇ ಒಳ್ಳೆಯದು.

ಆಮ್ಲಜನಕ ಯಂತ್ರದ ಲೆಕ್ಕವನ್ನು ಮತ್ತೊಮ್ಮೆ ಓದಿ. 'ಒಂದು ಸಾವಿರದ ಪೆಟ್ಟಿಗೆ ಇದೆ, ರಾತ್ರಿ ಕಳೆಯುತ್ತದೆ' ಎಂದು ನಂಬಿ ಕುಳಿತರೆ ಅಪಾಯ. ಇಂಥ ಮನೆಗಳಲ್ಲಿ ಭರ್ತಿ ಮಾಡಿದ ಆಮ್ಲಜನಕ ಸಿಲಿಂಡರ್ ಇರಲೇಬೇಕು. ಪವರ್ ಸ್ಟೇಷನ್ ಇರುವುದು ಸಿಲಿಂಡರ್ ಜೋಡಿಸಲು ಅಥವಾ ಆಸ್ಪತ್ರೆಗೆ ಹೊರಡಲು ಸಮಯ ಕೊಡುವುದಕ್ಕೆ. ಯುಪಿಎಸ್ ಸೌಲಭ್ಯವಿದ್ದರೂ, ಜೀವರಕ್ಷಕ ಉಪಕರಣಗಳಿಗೆ ಇದನ್ನೇ ನೆಚ್ಚಿಕೊಳ್ಳಬೇಡಿ ಎಂಬ ಎಚ್ಚರಿಕೆ ಬಳಕೆದಾರರ ಕೈಪಿಡಿಯಲ್ಲೇ ಇರುವುದುಂಟು.

ಸೈಕಲ್ ಸಂಖ್ಯೆಯ ಒಳಗುಟ್ಟು

ಪವರ್ ಸ್ಟೇಷನ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಲೀಥಿಯಂ ಬ್ಯಾಟರಿಗಳಿವೆ. ಒಂದು ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಬಳಸುವ ಎನ್‌ಎಂಸಿ. ಇದು ಹಗುರ, ಆದರೆ ಆಯುಷ್ಯ ಕಡಿಮೆ. ಇನ್ನೊಂದು ಕಬ್ಬಿಣ ಮತ್ತು ಫಾಸ್ಫೇಟ್ ಬಳಸುವ ಎಲ್‌ಎಫ್‌ಪಿ. ಇದು ತುಸು ಭಾರ, ಆದರೆ ಬಿಸಿಯನ್ನು ಹೆಚ್ಚು ತಡೆಯುತ್ತದೆ, ದೀರ್ಘಕಾಲ ಬಾಳುತ್ತದೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್ ತಂಡ 1997ರಲ್ಲಿ ಇದರ ಬಗ್ಗೆ ಪ್ರಬಂಧ ಪ್ರಕಟಿಸಿತು. ಅದರ ಮೊದಲ ಲೇಖಕರು ಭಾರತ ಮೂಲದ ಅಕ್ಷಯ ಪಾಢಿ. ಹೈದರಾಬಾದ್‌ನ ಎಆರ್‌ಸಿಐ ಸಂಶೋಧನಾ ಕೇಂದ್ರದಲ್ಲೂ ಎಲ್‌ಎಫ್‌ಪಿ ಕ್ಯಾಥೋಡ್ ತಯಾರಿಕಾ ತಂತ್ರಜ್ಞಾನದ ಕೆಲಸ ನಡೆದಿದೆ.

ಕಂಪನಿಗಳೇ ಕೊಟ್ಟಿರುವ ಅಂಕಿಗಳನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

- ಜಾಕರಿ ಎಕ್ಸ್‌ಪ್ಲೋರರ್ 1000 (ಹಳೆಯದು, ಎನ್‌ಎಂಸಿ): 1,002 ವ್ಯಾಟ್ ಅವರ್, 1,000 ವ್ಯಾಟ್. 500 ಸೈಕಲ್ ನಂತರ ಶೇ 80 ಸಾಮರ್ಥ್ಯ.
- ಜಾಕರಿ ಎಕ್ಸ್‌ಪ್ಲೋರರ್ 1000 ವಿ2 (ಎಲ್‌ಎಫ್‌ಪಿ): 1,070 ವ್ಯಾಟ್ ಅವರ್, 1,500 ವ್ಯಾಟ್. 4,000 ಸೈಕಲ್ ನಂತರ ಶೇ 70.
- ಇಕೋಫ್ಲೋ ಡೆಲ್ಟಾ 2 (ಎಲ್‌ಎಫ್‌ಪಿ): 1,024 ವ್ಯಾಟ್ ಅವರ್, 1,800 ವ್ಯಾಟ್, ಸುಮಾರು 12 ಕಿಲೋ. 3,000 ಸೈಕಲ್ ನಂತರ ಶೇ 80.

4,000 ಸೈಕಲ್ ಎಂದರೆ 3,000ಕ್ಕಿಂತ ಉತ್ತಮ ಎಂದು ಅನ್ನಿಸುವುದು ಸಹಜ. ಆದರೆ ಒಂದು ಕಂಪನಿ ಶೇ 70ಕ್ಕೆ ಇಳಿಯುವವರೆಗೆ, ಇನ್ನೊಂದು ಶೇ 80ಕ್ಕೆ ಇಳಿಯುವವರೆಗೆ ಎಣಿಸಿದೆ. ಅಳತೆಗೋಲೇ ಬೇರೆಯಾದ್ದರಿಂದ ಈ ಎರಡನ್ನು ನೇರವಾಗಿ ಹೋಲಿಸುವಂತಿಲ್ಲ.

ದುಡ್ಡಿನ ಲೆಕ್ಕ: ನಿಮ್ಮ ಬಳಕೆ ಎಷ್ಟು?

ಉದಾಹರಣೆಗೆ, ₹70,000ದ ಎಲ್‌ಎಫ್‌ಪಿ ಪೆಟ್ಟಿಗೆ ಪ್ರತಿ ಸಲ 870 ವ್ಯಾಟ್ ಅವರ್‌ನಂತೆ 3,000 ಸೈಕಲ್ ಕೊಟ್ಟರೆ ಒಟ್ಟು 2,610 ಯೂನಿಟ್. ಅಂದರೆ ಪೆಟ್ಟಿಗೆಯ ವೆಚ್ಚವೇ ಯೂನಿಟ್‌ಗೆ ಸುಮಾರು ₹27. ₹50,000ದ ಎನ್‌ಎಂಸಿ ಪೆಟ್ಟಿಗೆ 850ರಂತೆ 500 ಸೈಕಲ್ ಕೊಟ್ಟರೆ 425 ಯೂನಿಟ್, ಯೂನಿಟ್‌ಗೆ ಸುಮಾರು ₹118. ಅಗ್ಗದ್ದೇ ದುಬಾರಿಯಾಯಿತು.

ಆದರೆ ಈ ಲೆಕ್ಕ ದಿನವೂ ಬಳಸುವವರಿಗೆ, ಉದಾಹರಣೆಗೆ ಸಂಚಾರಿ ಕ್ಯಾಂಟೀನ್ ಅಥವಾ ಸಂತೆಯ ಅಂಗಡಿಯವರಿಗೆ ಮಾತ್ರ ಸರಿ. ವರ್ಷಕ್ಕೆ 20 ಬಾರಿ ದೀರ್ಘ ಕಡಿತವಾಗುವ ಮನೆಯಲ್ಲಿ 10 ವರ್ಷಕ್ಕೂ ಆಗುವುದು 200 ಸೈಕಲ್. ಸಾವಿರಾರು ಸೈಕಲ್‌ಗಾಗಿ ಕೊಟ್ಟ ದುಡ್ಡು ಅಲ್ಲಿ ಬಳಕೆಯಾಗುವುದೇ ಇಲ್ಲ. ಅಂಥ ಮನೆಯವರು ನೋಡಬೇಕಾದುದು ಕೈಗೆ ಸಿಗುವ ಪ್ರತಿ ವ್ಯಾಟ್ ಅವರ್‌ನ ಬೆಲೆ, ವಾರಂಟಿ ಮತ್ತು ಊರಲ್ಲೇ ಸರ್ವೀಸ್ ಸಿಗುತ್ತದೆಯೇ ಎಂಬುದನ್ನು.

ಸ್ವಂತ ಮನೆ ಇದ್ದವರು ಹಳೆಯ ಇನ್ವರ್ಟರ್-ಬ್ಯಾಟರಿಯನ್ನೂ ಹೋಲಿಕೆಗೆ ತೆಗೆದುಕೊಳ್ಳಬೇಕು. 12 ವೋಲ್ಟ್, 150 ಎಎಚ್‌ನ ಟ್ಯೂಬ್ಯುಲರ್ ಬ್ಯಾಟರಿಯ ಲೆಕ್ಕ 1,800 ವ್ಯಾಟ್ ಅವರ್. ಆದರೆ ಆ 150 ಎಂಬುದು ಸಾಮಾನ್ಯವಾಗಿ 20 ಗಂಟೆ ನಿಧಾನವಾಗಿ ಖಾಲಿ ಮಾಡಿದಾಗಿನ ಅಳತೆ. ಬೇಗ ಎಳೆದರೆ ಕಡಿಮೆ ಸಿಗುತ್ತದೆ, ಇನ್ವರ್ಟರ್ ನಷ್ಟವೂ ಇದೆ. ಹಾಗಿದ್ದರೂ ಕೈಗೆ ಒಂದು ಯೂನಿಟ್ ಆಸುಪಾಸು ಸಿಗುತ್ತದೆ, ಬೆಲೆಯೂ ಕಡಿಮೆ, ಸೀಲಿಂಗ್ ಫ್ಯಾನ್ ಕೂಡ ತಿರುಗುತ್ತದೆ. ಬ್ಯಾಟರಿಯೊಂದೇ 50 ಕಿಲೋ ಮೀರುತ್ತದೆ, ನೀರು ಹಾಕಬೇಕು, ಮನೆ ಬದಲಿಸಿದರೆ ವೈರಿಂಗ್ ಬಿಚ್ಚಬೇಕು. ಬಾಡಿಗೆದಾರರಿಗೆ ಪವರ್ ಸ್ಟೇಷನ್ ಹಿಡಿಸುವುದು ಇಲ್ಲೇ.

ಬಿಸಿಲು ಮತ್ತು ಬೆಂಕಿಯ ಎಚ್ಚರ

2022ರ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದ್‌ನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಶೋರೂಂನಲ್ಲಿ ಕಾಣಿಸಿಕೊಂಡ ಬೆಂಕಿ, ಹೊಗೆ ಅದೇ ಕಟ್ಟಡದ ಹೋಟೆಲ್‌ಗೆ ವ್ಯಾಪಿಸಿ ಎಂಟು ಮಂದಿ ಪ್ರಾಣ ಕಳೆದುಕೊಂಡರು. ಲೀಥಿಯಂ ಬ್ಯಾಟರಿ ಹೊತ್ತಿಕೊಂಡರೆ ನಂದಿಸುವುದು ಕಷ್ಟ, ಹೊಗೆ ವಿಷಕಾರಿ. ಎಲ್‌ಎಫ್‌ಪಿಯಲ್ಲಿ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಎಂದಲ್ಲ.

ಹೆಚ್ಚಿನ ಮಾಡೆಲ್‌ಗಳಿಗೆ 40ರಿಂದ 45 ಡಿಗ್ರಿಯೇ ಬಳಕೆಯ ಮಿತಿ. ಹೈದರಾಬಾದ್ ಬೇಸಿಗೆಯಲ್ಲಿ ಬಾಲ್ಕನಿ ಬಿಸಿಲು ಅಥವಾ ನಿಲ್ಲಿಸಿದ ಕಾರಿನೊಳಗೆ ಈ ಮಿತಿ ಸುಲಭವಾಗಿ ದಾಟುತ್ತದೆ. ಸೋಲಾರ್ ಪ್ಯಾನೆಲ್ ಬಿಸಿಲಲ್ಲಿರಲಿ, ಪೆಟ್ಟಿಗೆ ನೆರಳಲ್ಲಿರಲಿ. ಪ್ಯಾನೆಲ್ ಕೂಡ ಕಾದಷ್ಟೂ ಕಡಿಮೆ ವಿದ್ಯುತ್ ಕೊಡುತ್ತದೆ. 100 ವ್ಯಾಟ್‌ನ ಪ್ಯಾನೆಲ್‌ನಿಂದ ವಾಸ್ತವದಲ್ಲಿ 60ರಿಂದ 80 ವ್ಯಾಟ್ ನಿರೀಕ್ಷಿಸಿ. ಮನೆಯಿಂದ ಹೊರಹೋಗುವ ಬಾಗಿಲ ಬಳಿ, ಹಾಸಿಗೆ-ಪರದೆ ಪಕ್ಕ ಇಟ್ಟು ಚಾರ್ಜ್ ಮಾಡಬೇಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜ್‌ನಲ್ಲಿಟ್ಟು, ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ. ಮಳೆಗಾಲಕ್ಕೆ ಮುನ್ನ ಭರ್ತಿ ಮಾಡಿಕೊಳ್ಳಿ.

ಮನೆಯಲ್ಲೇ ಪರೀಕ್ಷೆ ಮಾಡಿ

ಸಾಕೆಟ್‌ಗೆ ಚುಚ್ಚುವ ಎನರ್ಜಿ ಮೀಟರ್ ಒಂದಿದ್ದರೆ ದಕ್ಷತೆಯನ್ನು ನೀವೇ ಅಳೆಯಬಹುದು. ಪೆಟ್ಟಿಗೆಯನ್ನು ಪೂರ್ತಿ ಖಾಲಿ ಮಾಡಿ, ಭರ್ತಿ ಆಗುವವರೆಗೆ ಗೋಡೆಯಿಂದ ಎಷ್ಟು ಯೂನಿಟ್ ಎಳೆಯಿತು ಬರೆದಿಡಿ. ಆಮೇಲೆ 100-200 ವ್ಯಾಟ್ ಹೊರೆ ಹಾಕಿ, ಖಾಲಿಯಾಗುವವರೆಗೆ ಎಷ್ಟು ಕೊಟ್ಟಿತು ನೋಡಿ. 1.18 ಯೂನಿಟ್ ಪಡೆದು 0.87 ಕೊಟ್ಟರೆ ದಕ್ಷತೆ ಸುಮಾರು ಶೇ 74. ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಈ ಪರೀಕ್ಷೆ ಮುಗಿಸಿ.

ಕೊಳ್ಳುವ ಮುನ್ನ ನೋಡಿ

- ಔಟ್‌ಪುಟ್ 230 ವೋಲ್ಟ್, 50 ಹರ್ಟ್ಸ್ ಇದೆಯೇ? ಅಮೆರಿಕದಿಂದ ತರಿಸಿದ ಪೆಟ್ಟಿಗೆ 120 ವೋಲ್ಟ್‌ನದ್ದಾಗಿರಬಹುದು.
- ಬಿಐಎಸ್ ನೋಂದಣಿ ಗುರುತು ಮತ್ತು 'ಆರ್' ಅಕ್ಷರದಿಂದ ಶುರುವಾಗುವ ಸಂಖ್ಯೆ ಇದೆಯೇ? ಬಿಐಎಸ್ ಕೇರ್ ಆ್ಯಪ್‌ನಲ್ಲಿ ತಾಳೆ ನೋಡಿ.
- ಬ್ಯಾಟರಿ ಎಲ್‌ಎಫ್‌ಪಿಯೋ ಎನ್‌ಎಂಸಿಯೋ? ಸೈಕಲ್ ಸಂಖ್ಯೆ ಶೇ 80ಕ್ಕೋ ಶೇ 70ಕ್ಕೋ?
- ಹಬ್ಬಕ್ಕೆ ಊರಿಗೆ ಒಯ್ಯುವ ಯೋಚನೆ ಇದ್ದರೆ ವಿಮಾನ ಮರೆತುಬಿಡಿ. ಪ್ರಯಾಣಿಕರು 100 ವ್ಯಾಟ್ ಅವರ್‌ವರೆಗಿನ ಬ್ಯಾಟರಿಯನ್ನು ಕೈಚೀಲದಲ್ಲಿ ಒಯ್ಯಬಹುದು, 160ರವರೆಗೆ ವಿಮಾನ ಸಂಸ್ಥೆಯ ಅನುಮತಿ ಬೇಕು, ಅದಕ್ಕಿಂತ ಹೆಚ್ಚಿನದಕ್ಕೆ ಅವಕಾಶವಿಲ್ಲ. ಕಲಬುರಗಿ, ರಾಯಚೂರಿಗಾದರೆ ಸ್ವಂತ ಕಾರೇ ಅನುಕೂಲ.

ಒಟ್ಟಿನಲ್ಲಿ, ಅಂಗಡಿಗೆ ಹೋಗುವ ಮುನ್ನ ಕರೆಂಟ್ ಹೋದಾಗ ನಿಮ್ಮ ಮನೆಯಲ್ಲಿ ಯಾವುದು ನಿಲ್ಲಬಾರದು ಎಂದು ಪಟ್ಟಿ ಮಾಡಿ. ಪ್ರತಿಯೊಂದರ ವ್ಯಾಟ್ ಕೂಡಿಸಿ, ಬೇಕಾದ ಗಂಟೆಗಳಿಂದ ಗುಣಿಸಿ, 0.85ರಿಂದ ಭಾಗಿಸಿ. ಬಂದ ಸಂಖ್ಯೆಯೇ ನಿಮಗೆ ಬೇಕಾದ ವ್ಯಾಟ್ ಅವರ್. ಅದಕ್ಕಿಂತ ಚಿಕ್ಕದನ್ನು ಕೊಂಡರೆ ಬೇಕಾದ ಹೊತ್ತಿಗೆ ಕೈಕೊಡುತ್ತದೆ, ತೀರಾ ದೊಡ್ಡದನ್ನು ಕೊಂಡರೆ ದುಡ್ಡು ಮೂಲೆಯಲ್ಲಿ ಕೂರುತ್ತದೆ.